ಒಂದು ಗುಂಟೆಯ ಚಿತ್ರಕ್ಕೆ ಎಷ್ಟು ಖರ್ಚು?

ಹಾವೇರಿ ತಾಲ್ಲೂಕಿನ ಅಗಡಿಯಲ್ಲಿ ಹೊಲದ ಲೆಕ್ಕವೆಲ್ಲ ಎಕರೆ, ಗುಂಟೆಯಲ್ಲೇ ನಡೆಯುತ್ತದೆ. 40 ಗುಂಟೆಗೆ 1 ಎಕರೆ. 1 ಗುಂಟೆಗೆ 1,089 ಚದರ ಅಡಿ, ಅಂದರೆ 101 ಚದರ ಮೀಟರ್. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 786 ಕಿ.ಮೀ. ಎತ್ತರದಿಂದ ತೆಗೆಯುವ ಚಿತ್ರದ ಒಂದು ಚುಕ್ಕೆಯ ಅಳತೆ 10 ಮೀಟರ್ × 10 ಮೀಟರ್, ಅಂದರೆ 100 ಚದರ ಮೀಟರ್. ಒಂದು ಚುಕ್ಕೆಗೆ ಒಂದು ಗುಂಟೆ. ಅಗಡಿಯ ಪ್ರತಿ ಗುಂಟೆಯ ಚಿತ್ರವೂ ಐದು ದಿನಕ್ಕೊಮ್ಮೆ ಬೆಳಗಿನ 11ರ ಆಸುಪಾಸು ದಾಖಲಾಗುತ್ತದೆ. ಅದನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಬೆಲೆ: 0 ರೂಪಾಯಿ.

ಆದರೆ ಆ ಚುಕ್ಕೆಯಲ್ಲಿ ಬೆಳೆದಿರುವುದು ಗೋವಿನಜೋಳವೋ ಹತ್ತಿಯೋ, ಬೆಳೆ ಒಣಗಿತೋ ಕಟಾವಾಯಿತೋ ಎಂದು ಖಚಿತವಾಗಿ ಹೇಳಲು ಯಾರಾದರೂ ಬದುವಿನ ಮೇಲೆ ನಿಂತು ನೋಡಿರಬೇಕು. ಆ ನೋಟಕ್ಕೆ ಕೂಲಿ ಇದೆ. ಆಕಾಶದ ಖರ್ಚನ್ನು ಸರ್ಕಾರಗಳು ಕೋಟಿಗಳಲ್ಲಿ ಭರಿಸಿಯಾಗಿದೆ. ಬಾಕಿ ಉಳಿದಿರುವುದು ನೆಲದ ಮೇಲಿನ ಕೆಲವೇ ಸಾವಿರ ರೂಪಾಯಿ. ಆ ಸಣ್ಣ ಮೊತ್ತವನ್ನು ಕೊಡದಿದ್ದರೆ ರೈತನಿಗೆ ಏನು ನಷ್ಟ ಎಂಬುದೇ ಈ ಲೆಕ್ಕದ ವಿಷಯ.

ಎಕರೆಯಿಂದ ಗುಂಟೆಗೆ ಇಳಿದ ಚುಕ್ಕೆ

ಭೂಮಿಯ ಮೇಲ್ಮೈಯನ್ನು ನಿಯತವಾಗಿ ಚಿತ್ರಿಸಲೆಂದೇ ಹಾರಿದ ಮೊದಲ ನಾಗರಿಕ ಉಪಗ್ರಹ ಅಮೆರಿಕದ ಲ್ಯಾಂಡ್‌ಸ್ಯಾಟ್-1. ಉಡಾವಣೆ 1972ರ ಜುಲೈ 23ರಂದು. ಅಂದಿನಿಂದ ಚುಕ್ಕೆ ಹೇಗೆ ಸಣ್ಣದಾಗುತ್ತ ಬಂತು ಎಂಬುದನ್ನು ಗುಂಟೆಯಲ್ಲೇ ಅಳೆದರೆ ಹೀಗೆ:

- ಲ್ಯಾಂಡ್‌ಸ್ಯಾಟ್-1 (1972): ಚುಕ್ಕೆ ಸುಮಾರು 79 × 57 ಮೀಟರ್, 1 ಎಕರೆ 4 ಗುಂಟೆ
- ಲ್ಯಾಂಡ್‌ಸ್ಯಾಟ್-5 (1984): 30 ಮೀಟರ್, ಸುಮಾರು 9 ಗುಂಟೆ
- ಐಆರ್‌ಎಸ್-1ಎ (1988), ಲಿಸ್-1 ಕ್ಯಾಮೆರಾ: 72.5 ಮೀಟರ್, 1 ಎಕರೆ 12 ಗುಂಟೆ
- ಅದೇ ಉಪಗ್ರಹದ ಲಿಸ್-2: 36.25 ಮೀಟರ್, 13 ಗುಂಟೆ
- ಐಆರ್‌ಎಸ್-1ಸಿ (1995), ಲಿಸ್-3: 23.5 ಮೀಟರ್, ಐದೂವರೆ ಗುಂಟೆ
- ರಿಸೋರ್ಸ್‌ಸ್ಯಾಟ್-1 (2003), ಲಿಸ್-4: 5.8 ಮೀಟರ್, ಗುಂಟೆಯ ಮೂರನೇ ಒಂದು ಪಾಲು
- ಕಾರ್ಟೊಸ್ಯಾಟ್-1 (2005): 2.5 ಮೀಟರ್, ಒಂದು ಗುಂಟೆಗೆ 16 ಚುಕ್ಕೆ
- ಸೆಂಟಿನೆಲ್-2ಎ (2015): 10 ಮೀಟರ್, ಒಂದು ಗುಂಟೆಗೆ 1 ಚುಕ್ಕೆ
- ಕಾರ್ಟೊಸ್ಯಾಟ್-3 (2019): ಕಪ್ಪು-ಬಿಳುಪಿನಲ್ಲಿ 28 ಸೆಂ.ಮೀ.; ಒಂದು ಗುಂಟೆಗೆ ಸುಮಾರು 1,290 ಚುಕ್ಕೆ

ಈ ಸಾಲಿನಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. ಐಆರ್‌ಎಸ್-1ಎ ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದಲ್ಲಿ ತಯಾರಾಗಿ, 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿತು. ಆಗ ಇಸ್ರೊ ಅಧ್ಯಕ್ಷರಾಗಿದ್ದವರು ಉಡುಪಿಯ ಅದಮಾರಿನ ಯು. ಆರ್. ರಾವ್. ಆ ಕೇಂದ್ರಕ್ಕೆ ಇಂದು ಅವರದೇ ಹೆಸರಿದೆ. ಚಿತ್ರಗಳನ್ನು ರಾಜ್ಯದ ಕೆಲಸಕ್ಕೆ ಒಗ್ಗಿಸಲೆಂದು ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ 1986ರಲ್ಲೇ ಆರಂಭವಾಗಿತ್ತು. ರೈತರು ಇಂದು ತಮ್ಮ ಸರ್ವೆ ನಂಬರ್ ಹುಡುಕಲು ಮೊಬೈಲಿನಲ್ಲಿ ತೆರೆಯುವ ‘ದಿಶಾಂಕ್’ ಆ್ಯಪ್ ಅದೇ ಕೇಂದ್ರದ್ದು.

25 ಸಾವಿರದಿಂದ ಸೊನ್ನೆಗೆ

ಚುಕ್ಕೆಯ ಜೊತೆಗೆ ಬೆಲೆಯೂ ಇಳಿಯಿತು. 1980ರ ದಶಕದಲ್ಲಿ ಅಮೆರಿಕ ಲ್ಯಾಂಡ್‌ಸ್ಯಾಟ್ ಚಿತ್ರಗಳ ಮಾರಾಟವನ್ನು ಖಾಸಗಿಯವರಿಗೆ ವಹಿಸಿದಾಗ ಒಂದು ಚಿತ್ರದ ಬೆಲೆ 4,000 ಡಾಲರ್ ದಾಟಿತ್ತು. 1999ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-7ರ ಚಿತ್ರ 600 ಡಾಲರಿಗೆ ಸಿಗತೊಡಗಿತು; ಆಗಿನ ವಿನಿಮಯ ದರದಲ್ಲಿ 25 ಸಾವಿರ ರೂಪಾಯಿಯ ಆಸುಪಾಸು. ಒಂದು ಚಿತ್ರದಲ್ಲಿ 185 × 180 ಕಿ.ಮೀ., ಅಂದರೆ 33 ಸಾವಿರ ಚದರ ಕಿ.ಮೀ.ಗೂ ಹೆಚ್ಚು ನೆಲ ಇರುತ್ತದೆ. ಹಾವೇರಿ ಜಿಲ್ಲೆಯ ವಿಸ್ತೀರ್ಣ 4,823 ಚದರ ಕಿ.ಮೀ. ಇಡೀ ಜಿಲ್ಲೆ ಒಂದು ಚಿತ್ರದ ಏಳನೇ ಒಂದು ಭಾಗವನ್ನಷ್ಟೇ ತುಂಬುತ್ತದೆ. ಚದರ ಕಿ.ಮೀ. ಲೆಕ್ಕದಲ್ಲಿ ಚಿತ್ರದ ಬೆಲೆ ಒಂದು ರೂಪಾಯಿಗಿಂತ ಕಡಿಮೆಯೇ. ಆದರೆ ಅಗಡಿಯಷ್ಟನ್ನೇ ಕತ್ತರಿಸಿ ಕೊಡುವವರಿರಲಿಲ್ಲ, ಇಡೀ ಚಿತ್ರ ಕೊಳ್ಳಬೇಕಿತ್ತು. ಒಂದು ಊರಿನ ಒಂದು ಹಂಗಾಮನ್ನು ಐದು ಚಿತ್ರಗಳಲ್ಲಿ ನೋಡಲು ಒಂದೂಕಾಲು ಲಕ್ಷ ರೂಪಾಯಿ. ಯಾವ ಪಂಚಾಯಿತಿಯೂ ಅದನ್ನು ಕೊಡುವಂತಿರಲಿಲ್ಲ.

2008ರ ಕೊನೆಗೆ ಅಮೆರಿಕ ಇಡೀ ಲ್ಯಾಂಡ್‌ಸ್ಯಾಟ್ ಭಂಡಾರವನ್ನು ಉಚಿತ ಮಾಡಿತು. ಮಾರಾಟದ ಕಾಲದ ಅತ್ಯುತ್ತಮ ವರ್ಷ 2001ರಲ್ಲಿ ಸುಮಾರು 25 ಸಾವಿರ ಚಿತ್ರ ಬಿಕರಿಯಾಗಿದ್ದವು. ಉಚಿತವಾದ ಮೊದಲ ವರ್ಷವೇ 10 ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಜನ ಇಳಿಸಿಕೊಂಡರು. ಸೆಂಟಿನೆಲ್ ಮೊದಲ ದಿನದಿಂದಲೂ ಉಚಿತ. ಭಾರತದ ಬಾಹ್ಯಾಕಾಶ ನೀತಿ-2023ರ ಪ್ರಕಾರ 5 ಮೀಟರ್ ಮತ್ತು ಅದಕ್ಕಿಂತ ದೊಡ್ಡ ಚುಕ್ಕೆಯ ಚಿತ್ರಗಳು ಎಲ್ಲರಿಗೂ ಮುಕ್ತ. ಹಾಗಾಗಿ 5.8 ಮೀಟರಿನ ಲಿಸ್-4 ಕೂಡ ಇಂದು ಕಾಸಿಲ್ಲದೆ ಸಿಗುವ ಸಾಲಿಗೆ ಸೇರಿದೆ.

ಇಳಿಸಿಕೊಳ್ಳುವ ಭಾರವೂ ಹೆಚ್ಚಿಲ್ಲ. ಹಾವೇರಿ ಜಿಲ್ಲೆ ಪೂರ್ತಿ 10 ಮೀಟರ್ ಚುಕ್ಕೆಗಳಲ್ಲಿ 4.82 ಕೋಟಿ ಚುಕ್ಕೆ. ಬೆಳೆ ನೋಡಲು ಬೇಕಾದ ಎರಡು ಬಣ್ಣಪಟ್ಟಿಗಳಿಗೆ, ಚುಕ್ಕೆಗೆ 2 ಬೈಟಿನಂತೆ, 193 ಎಂಬಿ. ಮೊಬೈಲಿನ ಒಂದು ದಿನದ ಸಾಮಾನ್ಯ ಡೇಟಾ ಪ್ಯಾಕಿನಲ್ಲಿ ಇಡೀ ಜಿಲ್ಲೆಯ ಬೆಳೆಚಿತ್ರ ಇಳಿಯುತ್ತದೆ.

ಹಸಿರನ್ನು ಅಳೆಯುವ ಎರಡು ಅಂಕಿ

ಉಪಗ್ರಹ ಬೆಳೆಯನ್ನು ಗುರುತಿಸುವ ಬಗೆ ಸರಳ. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಸಮೀಪ ಅವಕೆಂಪು ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಚಿಮ್ಮಿಸುತ್ತದೆ. ಸೆಂಟಿನೆಲ್-2ರ 13 ಪಟ್ಟಿಗಳಲ್ಲಿ ಒಂದು 665 ನ್ಯಾನೊಮೀಟರಿನ ಕೆಂಪನ್ನೂ ಮತ್ತೊಂದು 842 ನ್ಯಾನೊಮೀಟರಿನ ಅವಕೆಂಪನ್ನೂ ಅಳೆಯುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಬರುವುದೇ ಹಸಿರು ಸೂಚ್ಯಂಕ, ಅಂದರೆ ಎನ್‌ಡಿವಿಐ.

ಒಂದು ಗುಂಟೆಯನ್ನೇ ತೆಗೆದುಕೊಳ್ಳೋಣ. ಮೇ ತಿಂಗಳಲ್ಲಿ ಹರಗಿ ಬಿಟ್ಟ ಎರೆ ಹೊಲದ ಚುಕ್ಕೆ ಕೆಂಪಿನಲ್ಲಿ 10%, ಅವಕೆಂಪಿನಲ್ಲಿ 14% ಬೆಳಕು ಮರಳಿಸಿದರೆ ಸೂಚ್ಯಂಕ 4 ÷ 24, ಅಂದರೆ 0.17. ಅದೇ ಹೊಲದಲ್ಲಿ ಆಗಸ್ಟಿನಲ್ಲಿ ಗೋವಿನಜೋಳ ಎದೆಯೆತ್ತರ ನಿಂತಾಗ ಕೆಂಪು 5%, ಅವಕೆಂಪು 45% ಆದರೆ 40 ÷ 50, ಅಂದರೆ 0.80. ನೀರಾದರೆ ಸೊನ್ನೆಗಿಂತ ಕೆಳಗೆ. ಐದು ದಿನಕ್ಕೊಂದರಂತೆ ವರ್ಷಕ್ಕೆ 73 ಅಂಕಿ ಸಾಲಾಗಿ ಇಟ್ಟರೆ ಯಾವಾಗ ಬಿತ್ತಿದರು, ಯಾವಾಗ ಹೂ ಬಂತು, ಯಾವ ವಾರ ಬಾಡಿತು ಎಂಬ ಇಡೀ ಹಂಗಾಮಿನ ಏರಿಳಿತ ಕಾಣುತ್ತದೆ.

ಹಾವೇರಿ ಸೀಮೆಯ ಒಂದು ಪದ್ಧತಿ ಈ ಲೆಕ್ಕವನ್ನು ತೊಡಕು ಮಾಡುತ್ತದೆ. ಇಲ್ಲಿ ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿಯನ್ನು ಒಂದೇ ಹೊಲದಲ್ಲಿ ಸಾಲು ಬಿಟ್ಟು ಸಾಲು ಹಾಕುವ ರೂಢಿ ಹಳೆಯದು. ಮಳೆ ಕೈಕೊಟ್ಟರೆ ಮೂರರಲ್ಲಿ ಒಂದಾದರೂ ಕೈಹಿಡಿಯಲಿ ಎಂಬ ರೈತನ ಎಚ್ಚರಿಕೆ ಅದರ ಹಿಂದಿದೆ. 2011ರಲ್ಲಿ ಭೌಗೋಳಿಕ ಸೂಚಿ ಪಡೆದ ಬ್ಯಾಡಗಿ ಮೆಣಸಿನಕಾಯಿ ಎಷ್ಟೋ ಹೊಲದಲ್ಲಿ ಹೀಗೆ ಜೊತೆಗಾರರೊಂದಿಗೇ ಬೆಳೆಯುತ್ತದೆ. ಉಪಗ್ರಹಕ್ಕೆ ಆ ಗುಂಟೆಯಿಂದ ಬರುವುದು ಮೂರು ಬೆಳೆಯೂ ನಡುವಿನ ಮಣ್ಣೂ ಸೇರಿದ ಒಂದೇ ಅಂಕಿ. ಅದನ್ನು ಬಿಡಿಸಿ ಹೇಳುವವನು ಬಿತ್ತಿದವನೇ.

ಹೊಲ ಪಾಲಾದಾಗ ಚುಕ್ಕೆಯೂ ಪಾಲು

ಚೌಕಾಕಾರದ 4 ಎಕರೆ ಹೊಲ. ಒಂದೊಂದು ಮಗ್ಗುಲು 127 ಮೀಟರ್. ಹೊಲದ ಅಂಚು ಚಿತ್ರದ ಗೆರೆಗೆ ನೇರವಾಗಿದೆ ಎಂದೇ ಹಿಡಿದರೆ, ಬದು ದಾಟದೆ ಪೂರ್ತಿ ಒಳಗೇ ಕೂರುವ ಸೆಂಟಿನೆಲ್ ಚುಕ್ಕೆಗಳು ಸಾಮಾನ್ಯವಾಗಿ 144. ಲ್ಯಾಂಡ್‌ಸ್ಯಾಟಿನ 30 ಮೀಟರ್ ಚುಕ್ಕೆಗಳಾದರೆ 9.

ಈಗ ನಾಲ್ವರು ಅಣ್ಣತಮ್ಮಂದಿರು ಪಾಲು ಮಾಡಿಕೊಂಡರು. ಎಲ್ಲರಿಗೂ ದಾರಿ ಬೇಕು, ಹಾಗಾಗಿ ಉದ್ದಕ್ಕೆ ಸೀಳಿದರು. ಒಬ್ಬೊಬ್ಬರಿಗೆ 32 ಮೀಟರ್ ಅಗಲದ 1 ಎಕರೆ ಪಟ್ಟಿ. ಅದರೊಳಗೆ ಪೂರ್ತಿ ಕೂರುವ ಸೆಂಟಿನೆಲ್ ಚುಕ್ಕೆ ಹೆಚ್ಚಿನ ಸಲ 24. ಲ್ಯಾಂಡ್‌ಸ್ಯಾಟ್ ಚುಕ್ಕೆ ಬಹುತೇಕ 0. ಅಂದರೆ 40 ಗುಂಟೆಯಲ್ಲಿ ಸುಮಾರು 16 ಗುಂಟೆಯ ಅಂಕಿಗೆ ಪಕ್ಕದವನ ಬೆಳೆಯೂ ಬೆರೆತಿರುತ್ತದೆ. ಮುಂದಿನ ತಲೆಮಾರಿನಲ್ಲಿ ಅದೇ ಪಟ್ಟಿ ಎರಡಾಗಿ 16 ಮೀಟರಿಗೆ ಇಳಿದರೆ ಒಳಗೆ ಕೂರುವುದು ಹೆಚ್ಚೆಂದರೆ ಒಂದು ಸಾಲು, 12 ಚುಕ್ಕೆ. ಹಿಡುವಳಿ ಸಣ್ಣದಾದಷ್ಟೂ ಉಪಗ್ರಹದ ಕಣ್ಣು ಮಂಜಾಗುತ್ತದೆ. ದೊಡ್ಡ ರೈತನ ಹೊಲ ಸ್ಪಷ್ಟ, ಸಣ್ಣ ರೈತನ ಹೊಲ ಅಸ್ಪಷ್ಟ. ಈ ಅನ್ಯಾಯ ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಅದು ಇದೆ, ತಿದ್ದಬೇಕಾದವರು ನಾವು.

ನಕಾಶೆಯ ಕಡೆಯಿಂದಲೂ ಇದೇ ತೊಂದರೆ. ಕರ್ನಾಟಕದ ಗ್ರಾಮ ನಕಾಶೆಗಳ ರೂಢಿಯ ಅಳತೆ 1:7,920, ಅಂದರೆ ಒಂದು ಅಂಗುಲಕ್ಕೆ 660 ಅಡಿ. ಕಾಗದದ ಮೇಲೆ 1 ಮಿ.ಮೀ. ಎಂದರೆ ನೆಲದ ಮೇಲೆ ಸುಮಾರು 8 ಮೀಟರ್. ಒಂದು ಗುಂಟೆಯ ಚುಕ್ಕೆ ಆ ನಕಾಶೆಯಲ್ಲಿ 1.26 ಮಿ.ಮೀ. ಮಗ್ಗುಲಿನ ಚೌಕ. ಅರ್ಧ ಮಿ.ಮೀ. ದಪ್ಪದ ಮಸಿ ಗೆರೆಯೇ 4 ಮೀಟರ್ ನೆಲ ನುಂಗುತ್ತದೆ. ಸರ್ವೆ ಗೆರೆಯನ್ನು ಚಿತ್ರದ ಮೇಲೆ ಹೊಂದಿಸುವಾಗ ಗೆರೆಯ ದಪ್ಪದಷ್ಟು ಸರಿದರೂ ಅಂಚಿನ ಚುಕ್ಕೆಗಳು ಪಕ್ಕದ ಸರ್ವೆ ನಂಬರಿಗೆ ಹೋಗುತ್ತವೆ.

ಮಳೆಗಾಲದ 24 ಸುತ್ತು

ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ 122 ದಿನ. ಐದು ದಿನಕ್ಕೊಮ್ಮೆ ಎಂದರೆ ಸೆಂಟಿನೆಲ್-2 ಅಗಡಿಯ ಮೇಲೆ 24 ಸಲ ಹಾಯುತ್ತದೆ. ಮುಂಗಾರಿನ ಪೀಕು ಬೆಳೆಯುವುದೂ ಬಾಡುವುದೂ ಇದೇ 122 ದಿನಗಳಲ್ಲಿ. ಮೋಡ ಕಟ್ಟುವುದೂ ಆಗಲೇ. ಬಿಸಿಲಿನ ಬೆಳಕನ್ನು ನಂಬಿದ ಕ್ಯಾಮೆರಾಕ್ಕೆ ಮೋಡದ ಕೆಳಗಿನದು ಕಾಣದು. ಹಿಂಗಾರಿ ಜೋಳ, ಕಡಲೆಯ ಹೊತ್ತಿಗೆ ಆಕಾಶ ತಿಳಿಯಾಗಿ ಚಿತ್ರಗಳು ಸಾಲಾಗಿ ಸಿಗುತ್ತವೆ. ಜುಲೈನಲ್ಲಿ ಒಂದೊಂದು ಒಳ್ಳೆಯ ಚಿತ್ರಕ್ಕೂ ಕಾಯಬೇಕು.

ಇದಕ್ಕೆ ಪರಿಹಾರ ರೇಡಾರ್. ಸೆಂಟಿನೆಲ್-1 ತಾನೇ ಸುಮಾರು 5.5 ಸೆಂ.ಮೀ. ಅಲೆ ಕಳುಹಿಸಿ ಅದರ ಮರುದನಿಯನ್ನು ಅಳೆಯುತ್ತದೆ. ಮೋಡ, ಕತ್ತಲೆ ಅದಕ್ಕೆ ಅಡ್ಡಿಯಲ್ಲ. ಒಂದು ಉಪಗ್ರಹ 12 ದಿನಕ್ಕೊಮ್ಮೆ ಬಂದರೂ ಮುಂಗಾರಿನಲ್ಲಿ 10 ಚಿತ್ರ ಖಾತ್ರಿ. ಇಸ್ರೊ ಮತ್ತು ನಾಸಾ ಜಂಟಿಯಾಗಿ ಕಟ್ಟಿದ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. 12 ಮೀಟರ್ ಅಗಲದ ಬಲೆಯಂಥ ಆಂಟೆನಾ, ಎರಡು ಬಗೆಯ ರೇಡಾರ್, 12 ದಿನಕ್ಕೊಂದು ಸುತ್ತು. ರೇಡಾರ್ ಹೇಳುವುದು ಬೆಳೆಯ ಎತ್ತರ, ದಟ್ಟಣೆ, ಮಣ್ಣಿನ ತೇವದ ಕಥೆ. ಗಿಡದ ಬಣ್ಣವನ್ನು ಅದು ಹೇಳಲಾರದು. ಹೀಗಾಗಿ ಎರಡೂ ಬೇಕು, ಎರಡನ್ನೂ ಹೊಲದಲ್ಲಿ ತಾಳೆ ನೋಡುವವರೂ ಬೇಕು.

ಕೆರೆಯ ನೀರು, ರಾಣೆಬೆನ್ನೂರಿನ ಹುಲ್ಲು

ಉಪಗ್ರಹದ ಎಣಿಕೆ ಅತಿ ಸಲೀಸಾಗಿ ನಡೆಯುವುದು ನೀರಿನ ಮೇಲೆ. ಕೆರೆಯಲ್ಲಿ ನೀರಿನ ಚುಕ್ಕೆ ಎಷ್ಟೋ ಅಷ್ಟು ಗುಂಟೆ. 4,000 ಚುಕ್ಕೆ ಇದ್ದರೆ ಸುಮಾರು 100 ಎಕರೆ ನೀರು. ಸರಾಸರಿ ಆಳ 1 ಮೀಟರ್ ಎಂದರೆ 4 ಲಕ್ಷ ಘನ ಮೀಟರ್, ಅಂದರೆ 1.4 ಕೋಟಿ ಘನ ಅಡಿ. ಅಂಥ 70 ಕೆರೆ ಸೇರಿದರೆ ಒಂದು ಟಿಎಂಸಿ. ಆದರೆ ಆಳವನ್ನು ಉಪಗ್ರಹ ಹೇಳುವುದಿಲ್ಲ. ಹೂಳು ತುಂಬಿದ ಕೆರೆಯ ನೀರು ಮೇಲಿನಿಂದ ನೋಡಿದರೆ ಅಷ್ಟೇ ಅಗಲ. ಜಲಕಳೆ ಮುಚ್ಚಿದ ಕೆರೆ ಸೂಚ್ಯಂಕದಲ್ಲಿ ಹುಲುಸಾದ ಹೊಲದಂತೆ ಕಾಣುತ್ತದೆ. ಕೋಲು ಇಳಿಸಿ ಆಳ ನೋಡದೆ ಟಿಎಂಸಿ ಬರೆಯುವುದು ತಪ್ಪು ಲೆಕ್ಕ.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಇನ್ನೊಂದು ಪಾಠ. 1974ರಲ್ಲಿ ಘೋಷಣೆಯಾದ ಇದರ ವಿಸ್ತೀರ್ಣ 119 ಚದರ ಕಿ.ಮೀ., ಅಂದರೆ 11.9 ಲಕ್ಷ ಗುಂಟೆ-ಚುಕ್ಕೆ. ಕೃಷ್ಣಮೃಗಕ್ಕೆ ಬೇಕಾದುದು ಬಯಲು ಹುಲ್ಲುಗಾವಲು. ಒಂದು ಕಾಲದಲ್ಲಿ ಎರ್ಲಡ್ಡು ಹಕ್ಕಿಗೂ ಇದು ನೆಲೆಯಾಗಿತ್ತು. ಆ ಬಯಲಿನ ದೊಡ್ಡ ಭಾಗದಲ್ಲಿ ನೀಲಗಿರಿ ನೆಟ್ಟರು. ಮಾರ್ಚ್ ತಿಂಗಳ ಚಿತ್ರದಲ್ಲಿ ಇವೆರಡನ್ನೂ ಬೇರ್ಪಡಿಸುವುದು ಸುಲಭ: ಹುಲ್ಲು ಒಣಗಿ ಸೂಚ್ಯಂಕ ಇಳಿದಿರುತ್ತದೆ, ನೀಲಗಿರಿ ಹಸಿರಾಗಿಯೇ ಇರುತ್ತದೆ. ಹಸಿರು ಹೆಚ್ಚಿದ್ದರೆ ಒಳ್ಳೆಯದು ಎಂದು ಯಾಂತ್ರಿಕವಾಗಿ ಓದಿದವರು ಇಲ್ಲಿ ತಲೆಕೆಳಗಾಗಿ ಓದುತ್ತಾರೆ. ಇಲ್ಲಿ ಕಂದು ಬಣ್ಣವೇ ಆರೋಗ್ಯ. ಅಂಕಿಯ ಅರ್ಥ ಊರಿನ ಅರಿವಿನಿಂದ ಬರಬೇಕು.

ಒಂದು ಚುಕ್ಕೆಯ ಬೆಲೆ 85 ರೂಪಾಯಿ

ವಿಪತ್ತು ಪರಿಹಾರದ 2022–26ರ ನಿಯಮದಂತೆ, ಬೆಳೆನಷ್ಟ 33% ಅಥವಾ ಹೆಚ್ಚಿದ್ದರೆ ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಒಬ್ಬ ರೈತನಿಗೆ 2 ಹೆಕ್ಟೇರ್ ಮಿತಿ. ಹೆಕ್ಟೇರಿಗೆ 100 ಸೆಂಟಿನೆಲ್ ಚುಕ್ಕೆ. ಅಂದರೆ ಮಳೆಯಾಶ್ರಿತ ಒಂದು ಚುಕ್ಕೆಗೆ 85 ರೂಪಾಯಿ, ನೀರಾವರಿಯದಕ್ಕೆ 170. ಪರಿಹಾರವನ್ನು ಯಾರೂ ಚುಕ್ಕೆ ಎಣಿಸಿ ಹಂಚುವುದಿಲ್ಲ. ಆದರೆ ತಪ್ಪು ನಕಾಶೆಯ ಬೆಲೆ ಕಟ್ಟಲು ಇದು ಸರಿಯಾದ ಅಳತೆ.

2023ರಲ್ಲಿ ಕರ್ನಾಟಕ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿತು. ಕೇಂದ್ರದ 2016ರ ಬರ ಕೈಪಿಡಿಯಂತೆ ಆ ಪಟ್ಟಿಗೆ ಮಳೆಯ ಜೊತೆ ಬಿತ್ತನೆ, ಮಣ್ಣಿನ ತೇವ, ಜಲಮಟ್ಟ, ಉಪಗ್ರಹದ ಹಸಿರು ಸೂಚ್ಯಂಕಗಳನ್ನು ನೋಡಬೇಕು; ಬಳಿಕ 10% ಹಳ್ಳಿಗಳಲ್ಲಿ ಹೊಲಕ್ಕೆ ಹೋಗಿ ಪರಿಶೀಲಿಸಬೇಕು. ಹತ್ತರಲ್ಲಿ ಒಂದು ಹಳ್ಳಿ. ಉಳಿದ ಒಂಬತ್ತು ಹಳ್ಳಿಗಳ ಪಾಡು ಆ ಒಂದರ ಮೇಲೆ ನಿಂತಿರುತ್ತದೆ.

ಬೆಳೆವಿಮೆಯ ಲೆಕ್ಕ ಇನ್ನೂ ಬಿಗಿ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಕನಿಷ್ಠ 4 ಬೆಳೆ ಕಟಾವು ಪ್ರಯೋಗ ಆಗಬೇಕು. ಭತ್ತಕ್ಕೆ ತಾಕಿನ ಅಳತೆ 5 × 5 ಮೀಟರ್, ಅಂದರೆ 25 ಚದರ ಮೀಟರ್. ನಾಲ್ಕೂ ಸೇರಿ 100 ಚದರ ಮೀಟರ್. ಒಂದು ಪಂಚಾಯಿತಿಯ ಸಾವಿರಾರು ಎಕರೆಯ ಇಳುವರಿ ತೀರ್ಮಾನವಾಗುವುದು ಒಟ್ಟು ಒಂದೇ ಗುಂಟೆ ಕೊಯ್ದು. 2023ರ ಮುಂಗಾರಿನಿಂದ ಭತ್ತ, ಗೋಧಿಗೆ ಇಳುವರಿ ಅಂದಾಜಿನಲ್ಲಿ ಉಪಗ್ರಹ ಆಧರಿತ ವಿಧಾನಕ್ಕೆ ಕನಿಷ್ಠ 30% ತೂಕ ಕೊಡುವುದು ಕಡ್ಡಾಯವಾಯಿತು. ಆ ತೂಕ ಮುಂದೆ ಬೇರೆ ಬೆಳೆಗಳಿಗೂ ಹಬ್ಬಿದರೆ, ಹಾನಗಲ್ಲಿನ ಗದ್ದೆಯಷ್ಟೇ ಅಗಡಿಯ ಗೋವಿನಜೋಳಕ್ಕೂ ಈ ಚುಕ್ಕೆ ಮುಖ್ಯವಾಗುತ್ತದೆ.

ನೆಲದ ಖರ್ಚು: ಗುಂಟೆಗೆ 3.7 ಪೈಸೆ

ಒಂದು ಪಂಚಾಯಿತಿಯಲ್ಲಿ 2,000 ಹೆಕ್ಟೇರ್ ಸಾಗುವಳಿ ಇದೆ ಎಂದಿಟ್ಟುಕೊಳ್ಳೋಣ. ಗೋವಿನಜೋಳ, ಹತ್ತಿ, ಶೇಂಗಾ, ಮಿಶ್ರ ಬೆಳೆ ಎಂದು ನಾಲ್ಕು ವರ್ಗ. ಪ್ರತಿ ವರ್ಗಕ್ಕೆ 50 ಕಡೆ ಪರಿಶೀಲನೆ ಎಂಬುದು ದೂರ ಸಂವೇದನೆಯವರ ರೂಢಿಯ ಸೂತ್ರ. ಒಟ್ಟು 200 ಬಿಂದು. ಇಬ್ಬರು ಜೊತೆಯಾಗಿ ಮೊಬೈಲ್ ಜಿಪಿಎಸ್ ಹಿಡಿದು ದಿನಕ್ಕೆ 20 ಹೊಲ ನೋಡಿ, ಫೋಟೊ ತೆಗೆದು, ಬೆಳೆ ಬರೆದುಕೊಂಡರೆ 10 ದಿನ. 20 ಆಳಿನ ಕೂಲಿ. ಕೂಲಿಗೆ 2025–26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ನರೇಗಾ ದರ 370 ರೂಪಾಯಿಯನ್ನೇ ಅಳತೆಗೋಲು ಮಾಡಿಕೊಂಡರೆ:

- ಒಂದು ಹಂಗಾಮಿಗೆ: 20 × 370 = 7,400 ರೂಪಾಯಿ
- ಮುಂಗಾರಿ, ಹಿಂಗಾರಿ ಎರಡಕ್ಕೂ: 14,800 ರೂಪಾಯಿ
- ಹೆಕ್ಟೇರಿಗೆ, ಹಂಗಾಮಿಗೆ: 3 ರೂಪಾಯಿ 70 ಪೈಸೆ
- ಚುಕ್ಕೆಗೆ, ಅಂದರೆ ಗುಂಟೆಗೆ: 3.7 ಪೈಸೆ

ಇನ್ನು ಪರಿಶೀಲನೆ ಇಲ್ಲದ ನಕಾಶೆಯ ಬೆಲೆ. ನಕಾಶೆ 85% ಸರಿ ಇದೆ ಎಂದೇ ಹಿಡಿಯೋಣ. ಈ ಕೆಲಸದಲ್ಲಿ ಅದು ಒಪ್ಪುವ ಮಟ್ಟ. ಆದರೂ 2,000 ಹೆಕ್ಟೇರಿನಲ್ಲಿ 300 ಹೆಕ್ಟೇರ್ ತಪ್ಪು. ಬರದ ವರ್ಷದಲ್ಲಿ ಅಷ್ಟೂ ನೆಲ ತಪ್ಪು ಪಟ್ಟಿಗೆ ಬಿದ್ದರೆ 300 × 8,500, ಅಂದರೆ 25.5 ಲಕ್ಷ ರೂಪಾಯಿ ಸಲ್ಲಬೇಕಾದವರಿಗೆ ಸಲ್ಲದೆ ಹೋಗುತ್ತದೆ. ಅದನ್ನು ತಡೆಯುವ ಪರಿಶೀಲನೆಗೆ 7,400. ಸತ್ಯಕ್ಕೆ ಗುಂಟೆಗೆ 3.7 ಪೈಸೆ, ಸುಳ್ಳಿಗೆ 85 ರೂಪಾಯಿ. ಸುಮಾರು 2,300 ಪಟ್ಟು ವ್ಯತ್ಯಾಸ.

ಇದು ಈ ಜಿಲ್ಲೆಗೆ ಹೊಸ ವಿಷಯವೂ ಅಲ್ಲ. ವಿಶ್ವಬ್ಯಾಂಕಿನ ನೆರವಿನ ಸುಜಲ ಜಲಾನಯನ ಯೋಜನೆ 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ, ಹಾವೇರಿ ಜಿಲ್ಲೆಗಳ 77 ಉಪ ಜಲಾನಯನಗಳಲ್ಲಿ ನಡೆದಾಗ ಮೇಲ್ವಿಚಾರಣೆ, ಮೌಲ್ಯಮಾಪನದ ಹೊಣೆ ಇಸ್ರೊದ ಆಂಟ್ರಿಕ್ಸ್ ಸಂಸ್ಥೆಯದಾಗಿತ್ತು. ಉಪಗ್ರಹ ಚಿತ್ರವನ್ನೂ ಹಳ್ಳಿಯ ಜನರ ಮಾತನ್ನೂ ಒಟ್ಟಿಗೆ ಇಟ್ಟು ಅಲ್ಲಿ ಕೆಲಸ ಅಳೆದರು. ಬದು, ಚೆಕ್‌ಡ್ಯಾಂ ಹಾಕಿದ ಮೇಲೆ ಹಸಿರು ಹೆಚ್ಚಿತೇ ಎಂಬ ಪ್ರಶ್ನೆಗೆ ಎರಡೂ ಕಡೆಯಿಂದ ಉತ್ತರ ಬಂತು. ಅಂದು ಅದಕ್ಕೆ ದೊಡ್ಡ ಸಂಸ್ಥೆ, ದೊಡ್ಡ ಸಾಲ ಬೇಕಿತ್ತು. ಇಂದು ಚಿತ್ರ ಉಚಿತ, ಜಿಪಿಎಸ್ ಎಲ್ಲರ ಜೇಬಿನಲ್ಲಿದೆ, ರೈತರೇ ತಮ್ಮ ಬೆಳೆಯ ಫೋಟೊ ದಾಖಲಿಸುವ ‘ರೈತರ ಬೆಳೆ ಸಮೀಕ್ಷೆ’ ಆ್ಯಪ್ 2020ರಿಂದಲೇ ಬಳಕೆಯಲ್ಲಿದೆ.

ಹಾಗಾಗಿ ಕೇಳಬೇಕಾದುದು ಮೂರು. ಒಂದು, ಬೆಳೆ ಸಮೀಕ್ಷೆಯ ದಾಖಲೆಯನ್ನೂ ಉಪಗ್ರಹದ ಬೆಳೆ ನಕಾಶೆಯನ್ನೂ ಸರ್ವೆ ನಂಬರಿನ ಮೇಲೆ ಒಟ್ಟಿಗೆ ತೋರಿಸಿ, ಎರಡೂ ಹೊಂದದ ಹೊಲಗಳ ಪಟ್ಟಿಯನ್ನು ಹಂಗಾಮು ಮುಗಿಯುವ ಮೊದಲೇ ಗ್ರಾಮಸಭೆಯ ಮುಂದಿಡಬೇಕು. ಎರಡು, ಆ ಹೊಲಗಳಿಗೆ ಹೋಗಿ ನೋಡಿ ಬರುವ 20 ಆಳಿನ ಕೂಲಿಯನ್ನು ಪಂಚಾಯಿತಿಯ ಲೆಕ್ಕದಲ್ಲಿ ಕಾಯಂ ಸಾಲಾಗಿ ಬರೆಯಬೇಕು. ಮೂರು, ಎರಡು ಎಕರೆಗಿಂತ ಕಡಿಮೆಯ, ಕಿರಿದಾದ ಪಟ್ಟಿ ಹೊಲಗಳನ್ನೇ ಮೊದಲು ನೋಡಬೇಕು. ಉಪಗ್ರಹ ಎಡವುವುದು ಅಲ್ಲೇ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಗಳಗನಾಥರು ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ನಡೆಸಿ ನಾಡಿನ ಓದುಗರನ್ನು ತಲುಪಿದರು. ಅಂಥ ಊರಿಗೆ ತನ್ನ ಹೊಲಗಳ ಲೆಕ್ಕವನ್ನು ತಾನೇ ಇಟ್ಟುಕೊಂಡು, ಪರಿಹಾರದ ಪಟ್ಟಿ ಬಂದಾಗ ಸರ್ವೆ ನಂಬರ್, ತಾರೀಖು, ಚುಕ್ಕೆ ಸಮೇತ ಮುಂದಿಟ್ಟು ಮಾತನಾಡುವುದು ಕಷ್ಟವಲ್ಲ. ವರ್ಷಕ್ಕೆ 14,800 ರೂಪಾಯಿ ತೆಗೆದಿಡುವ ಪಂಚಾಯಿತಿ ಯಾವುದೋ, ತನ್ನ ರೈತನ 85 ರೂಪಾಯಿಯನ್ನು ಗುಂಟೆ ಗುಂಟೆಗೂ ಕೇಳಿ ಪಡೆಯುವ ಬಲ ಅದಕ್ಕೇ ಬರುತ್ತದೆ.